ತಾತನಿಗೆ ಉಳಿದಿದ್ದ ಮಾತು ಕುಂಟೆ

ಮಾಲೂರಿನಲ್ಲಿ ರೈಲು ನಿಂತಿದ್ದಾಗ ಒಂದು ಮಳೆ ಬಿತ್ತು. ದೊಡ್ಡ ಮಳೆಯೇನಲ್ಲ, ಹಳಿಯ ಆಚೆ ಇಟ್ಟಿಗೆಗೆಂದು ರಾಶಿ ಹಾಕಿದ್ದ ಕೆಮ್ಮಣ್ಣು ನೆನೆದು ವಾಸನೆ ಬಿಡುವಷ್ಟು. ಎದುರಿಗೆ ಕೂತಿದ್ದವರು ಕಿಟಕಿ ಮುಚ್ಚಿ ಎಂದರು. ನಾನು ಮುಚ್ಚಲಿಲ್ಲ. ಆ ವಾಸನೆ ಬಂದರೆ ನನ್ನ ಕಣ್ಣ ಮುಂದೆ ಯಾವಾಗಲೂ ಒಂದೇ ಚಿತ್ರ ನಿಲ್ಲುತ್ತದೆ. ಎರಡು ಎತ್ತು, ಅವುಗಳ ಹಿಂದೆ ಕುಂಟೆ, ಕುಂಟೆಯ ದಿಂಡಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತ ನಮ್ಮ ಮುನಿಲಕ್ಷ್ಮತ್ತೆ. ಬದುವಿನ ಮೇಲೆ ನಿಂತ ಗಾಡಿಯಲ್ಲಿ ದಿಂಬಿಗೆ ಒರಗಿ ನೋಡುತ್ತಿರುವ ತಾತ. ಎಲ್ಲವೂ ಪಕ್ಕದಿಂದ, ಸ್ವಲ್ಪ ದೂರದಿಂದ, ಪಟ ತೆಗೆದಿಟ್ಟ ಹಾಗೆ ಕಾಣುತ್ತದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ, ಒಂದು ಪದಕ್ಕೆ ಅರ್ಥ ಎಲ್ಲಿಂದ ಬರುತ್ತದೆ ಎಂದು ಹುಡುಗರು ಕೇಳಿದಾಗಲೆಲ್ಲ ನಾನು ಈ ಕಥೆಯನ್ನೇ ಹೇಳಿದ್ದೇನೆ.

ಆ ಸಂಜೆ ಶ್ರೀನಿವಾಸಪುರದಲ್ಲಿ ಚಿಕ್ಕಪ್ಪನ ಮಗಳು ರತ್ನಳ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದನ್ನೇ ಎತ್ತಿದೆ. ಮುದ್ದೆ ಇಡಲು ಬಂದವಳು ಕೈ ನಿಲ್ಲಿಸಿದಳು.

"ಅತ್ತೆ ಎಲ್ಲಣ್ಣ ಕೂತಿದ್ಲು? ಕುಂಟೆ ಮೇಲೆ ಕಲ್ಲು ಹೇರಿದ್ರು. ಅತ್ತೆ ಗಾಡೀಲಿ ತಾತನ ತಲೆ ಹಿಡ್ಕೊಂಡಿದ್ಲು."

"ನಾನು ಕಣ್ಣಾರೆ ನೋಡಿದ್ದೀನಿ ರತ್ನ."

"ನಾನೂ ಕಣ್ಣಾರೆ ನೋಡಿದ್ದೇ ಕಣಣ್ಣ. ನಿನಗೆ ಆಗ್ಲೇ ಕನ್ನಡಕ ಬಂದಿತ್ತು. ನನಗೆ ಬಂದಿರ್ಲಿಲ್ಲ."

ನಗುತ್ತ ಅಂದಳು. ನನಗೆ ಮಾತ್ರ ನಗು ಬರಲಿಲ್ಲ. ರತ್ನ ಆಗ ಸಣ್ಣ ಹುಡುಗಿ, ಅವಳ ನೆನಪು ತಪ್ಪಿರಬಹುದು ಎನ್ನುವುದು ಸುಲಭ. ಆದರೆ ನಾನು ನೂರು ಸಲ ಹೇಳಿದ ಕಥೆ, ನೂರು ಸಲ ಕೈ ತಾಗಿ ನುಣುಪಾದ ಕಥೆ. ಹಾಗೆ ನುಣುಪಾದದ್ದನ್ನು ನಂಬಬೇಡಿ ಎಂದು ಪಾಠ ಹೇಳಿದವನೂ ನಾನೇ. ಆದ್ದರಿಂದ ಆ ಮುಂಗಾರನ್ನು ಇಲ್ಲಿ ಮತ್ತೆ ಮೊದಲಿನಿಂದ ಹೇಳಿ ನೋಡುತ್ತೇನೆ.

ಯುರೋಪಿನಲ್ಲಿ ಯುದ್ಧ ಶುರುವಾಗಿ, ಊರ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುವುದು ಕಷ್ಟವಾಗುತ್ತಿದ್ದ ಕಾಲ. ನಾನು ಮೈಸೂರಿನಲ್ಲಿ ಬಿ.ಎ. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಅಪ್ಪ ಅಮ್ಮ ಕೋಲಾರ ಪೇಟೆಯಲ್ಲಿದ್ದರು. ಬೇಸಿಗೆ ಕಳೆಯಲು ನಾನು ಹೋಗುತ್ತಿದ್ದದ್ದು ತಾತನ ಮನೆಗೆ. ಊರು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ. ಅಲ್ಲಿ ಬೈಯುವುದು ತೆಲುಗಿನಲ್ಲಿ, ಪಂಚಾಯ್ತಿ ಮಾಡುವುದು ಕನ್ನಡದಲ್ಲಿ, ಎತ್ತಿನ ಜೊತೆ ಮಾತು ಎರಡರಲ್ಲೂ. ಮನೆಯಲ್ಲಿ ತಾತ, ಚಿಕ್ಕಪ್ಪ, ಚಿಕ್ಕಮ್ಮ, ರತ್ನ, ಮತ್ತು ತಾತನ ಒಬ್ಬಳೇ ಮಗಳು ಮುನಿಲಕ್ಷ್ಮತ್ತೆ. ಅಜ್ಜಿ ನಾನು ಹುಟ್ಟುವ ಮುಂಚೆಯೇ ಹೋಗಿದ್ದಳು. ಅತ್ತೆಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ಮದುವೆಯಾಗಲಿಲ್ಲ. ಒಲೆ, ಕೊಟ್ಟಿಗೆ, ಬಿತ್ತನೆ ಬೀಜ ಎಲ್ಲ ಅವಳ ಕೈಯಲ್ಲಿತ್ತು.

ಕುಂಟೆ ಎಂದರೇನು ಎಂದು ಈಗ ಹೇಳಬೇಕಾಗಿದೆ. ಒಂದು ಮರದ ದಿಂಡು, ಅದರ ಕೆಳಗೆ ಎರಡು ಗೂಟ, ಗೂಟಗಳ ತುದಿಗೆ ಅಡ್ಡಲಾಗಿ ಒಂದು ಕಬ್ಬಿಣದ ಅಲಗು. ಎತ್ತು ಎಳೆಯುತ್ತದೆ, ಹಿಂದೆ ನಡೆಯುವವನು ಮೇಣಿ ಎಂಬ ಹಿಡಿಕೆ ಹಿಡಿಯುತ್ತಾನೆ. ನೇಗಿಲು ಮಣ್ಣನ್ನು ಸೀಳಿ ಎಬ್ಬಿಸಿದರೆ ಕುಂಟೆ ಅದರ ಅಡಿಯಲ್ಲಿ ಹಾದು ಕಳೆಯ ಬೇರು ಕೊಯ್ದು, ಹೆಂಟೆ ಒಡೆದು, ಹೊಲವನ್ನು ಹಾಸಿಗೆಯ ಹಾಗೆ ಹಾಸಿ ಹೋಗುತ್ತದೆ. ನಮ್ಮ ಕಡೆ ಸಣ್ಣ ಕೆರೆಗೂ ಕುಂಟೆ ಎನ್ನುತ್ತಾರೆ. ಹತ್ತಿರದ ಊರಿನ ಹೆಸರು ನೇರಳೆಕುಂಟೆ. ಹೆಣ್ಣುಮಕ್ಕಳು ಒಂಟಿ ಕಾಲಲ್ಲಿ ಕುಪ್ಪಳಿಸಿ ಆಡುವುದು ಕುಂಟೆಬಿಲ್ಲೆ. ಕಾಲು ಎಳೆದು ನಡೆಯುವುದು ಕುಂಟುವುದು, ಹಾಗೆ ನಡೆಯುವವಳನ್ನು ಊರು ಏನೆಂದು ಕರೆಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇವುಗಳಲ್ಲಿ ಯಾವುದನ್ನೂ ನಮ್ಮ ಮನೆಯಲ್ಲಿ ಆಡುವಂತಿರಲಿಲ್ಲ. ಅದು ತಾತನ ಕಟ್ಟಪ್ಪಣೆ. ಹೊಲದ ಸಾಮಾನಿಗೆ ತೆಲುಗಿನ ಗುಂಟಕ ಎಂಬ ಹೆಸರಿತ್ತು, ಕೂಲಿಗೆ ಬಂದವರೂ ನಮ್ಮ ಹೊಲಕ್ಕೆ ಕಾಲಿಟ್ಟರೆ ಗುಂಟಕ ಎನ್ನಬೇಕು. ಸಣ್ಣ ಕೆರೆ ಕಟ್ಟೆಯಾಗಿತ್ತು. ನೇರಳೆಕುಂಟೆ ಬರೀ ನೇರಳೆಯಾಗಿತ್ತು. ರತ್ನ ಆಡುತ್ತಿದ್ದದ್ದು ಬಿಲ್ಲೆ ಆಟ. ಎತ್ತಿನ ಕಾಲಿಗೆ ಪೆಟ್ಟಾದರೆ ಅದು 'ಕಾಲು ಎಳೀತಿತ್ತು' ಅಷ್ಟೆ. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಒಮ್ಮೆ ಗುಂಟಕ ಎಂದು ನಗೆಗೀಡಾದ ಮೇಲೆಯೇ ಗೊತ್ತಾದದ್ದು, ಒಂದು ಮನೆ ಒಂದು ಪದವನ್ನು ಬಿಟ್ಟು ಬದುಕಲು ಎಷ್ಟು ಸುತ್ತು ಹಾದಿ ತುಳಿಯಬೇಕಾಗುತ್ತದೆ ಎಂದು. ಮಗಳ ಮನಸ್ಸು ನೋಯಬಾರದು ಎಂದು ತಾತ ಹೀಗೆ ಮಾಡಿದ್ದಾನೆ, ಅದಕ್ಕಿಂತ ಹೆಚ್ಚಿನದು ಏನಿಲ್ಲ ಎಂದುಕೊಂಡಿದ್ದೆ.

ತಾತ ಮಾತಿನ ಮನುಷ್ಯ. ಆವನಿ ಜಾತ್ರೆಗೆ ಎತ್ತು ಕೊಳ್ಳಲು ಹೋದರೆ ಮಾರುವವನು ಬಾಯಿ ಬಿಡುವ ಮೊದಲೇ ಅವನ ಎರಡು ತಲೆಮಾರು ಮಾತಾಡಿಸಿ ಮುಗಿಸುತ್ತಿದ್ದ. ಭರಣಿ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಆ ತಾತ ಕೊಟ್ಟಿಗೆಯ ಬಾಗಿಲಲ್ಲಿ ಕುಸಿದು ಕೂತ. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಬಿತ್ತು, ಬಾಯಿ ಸೊಟ್ಟಗಾಯಿತು. ಮುಳಬಾಗಿಲಿನಿಂದ ಬಂದ ಡಾಕ್ಟರು ನಾಡಿ ನೋಡಿ, ಜೀವಕ್ಕೆ ಭಯವಿಲ್ಲ, ಮಾತು ಬರುವುದು ದೇವರ ಚಿತ್ತ ಎಂದು ಹೋದರು.

ಮಾತು ಬಂತು. ನಡುಮನೆಯ ಮಂಚದ ಸುತ್ತ ನಾವೆಲ್ಲ ನಿಂತಿದ್ದೆವು, ಅತ್ತೆ ಗಂಜಿಯ ತಟ್ಟೆ ಹಿಡಿದು ಕಾಲ ಕಡೆ ನಿಂತಿದ್ದಳು. ತಾತ ಕಣ್ಣು ತೆರೆದು ಒಬ್ಬೊಬ್ಬರನ್ನೇ ನೋಡುತ್ತ ಬಂದು, ಅತ್ತೆಯ ಮೇಲೆ ಕಣ್ಣು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಬಹಳ ಸ್ಪಷ್ಟವಾಗಿ ಅಂದ: "ಕುಂಟೆ."

ತಾತ ಮತ್ತೆ ಅಂದ, ಈ ಸಲ ಜೋರಾಗಿ. ಅತ್ತೆ ಗಂಜಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಅಂದಿನಿಂದ ಅವಳು ಆ ನಡುಮನೆಗೆ ಕಾಲಿಡಲಿಲ್ಲ. ಗಂಜಿ ಕಾಯಿಸಿ ಹೊಸ್ತಿಲಿನವರೆಗೆ ತರುವಳು, ಅಲ್ಲಿ ನಾನು ಇಸಿದುಕೊಳ್ಳಬೇಕು.

ಆಮೇಲಿನ ದಿನಗಳಲ್ಲಿ ನಾನು ಕಂಡದ್ದನ್ನು ನಾನು ಓದಿದ್ದ ಯಾವ ಪುಸ್ತಕವೂ ಸರಿಯಾಗಿ ಹೇಳಿರಲಿಲ್ಲ. ಮೆದುಳಿನಲ್ಲಿ ಮಾತಿನ ಜಾಗ ಕೆಟ್ಟರೆ ಒಂದೇ ಪದ ಉಳಿಯುವುದುಂಟು, ಅದಕ್ಕೆ ಅರ್ಥವಿರಬೇಕೆಂದಿಲ್ಲ ಎಂದು ಓದಿದ್ದೆ. ಆದರೆ ತಾತ ಆ ಒಂದು ಪದದಲ್ಲಿ ಸಂಸಾರ ಮಾಡುತ್ತಿದ್ದ. ನೀರು ಬೇಕಾದರೆ ಕುಂಟೆ, ಕೊನೆಯಲ್ಲಿ ಸ್ವರ ಏರುತ್ತಿತ್ತು. ಸಾಕು ಎನ್ನಬೇಕಾದರೆ ಕುಂಟೆ, ಮೊಟಕಾಗಿ. ಕೊಟ್ಟಿಗೆಯಲ್ಲಿ ಎತ್ತು ಹಗ್ಗ ಜಗ್ಗಿದರೆ ಮಲಗಿದಲ್ಲಿಂದಲೇ ಗದರುವುದೂ ಕುಂಟೆ, ಎತ್ತು ಸುಮ್ಮನಾಗುತ್ತಿತ್ತು. ಮೊದಲೆಲ್ಲ ಬೆಳಗಾಗುತ್ತಲೇ ಸೂರ್ಯನಿಗೆ ಕೈ ಮುಗಿದು ಒಂದು ತೆಲುಗು ಪದ್ಯ ಹೇಳುತ್ತಿದ್ದ. ಈಗ ಅದೇ ರಾಗ, ಅದೇ ಏರಿಳಿತ, ಅಲ್ಲಲ್ಲೇ ಉಸಿರು. ಅಕ್ಷರ ಮಾತ್ರ ಉದ್ದಕ್ಕೂ ಕುಂಟೆ, ಕುಂಟೆ, ಕುಂಟೆ. ಮೊದಲ ದಿನ ರತ್ನ ಕಿಸಕ್ಕನೆ ನಕ್ಕಳು. ನನಗೂ ನಗು ಬಂದಿತ್ತು. ಎರಡನೆಯ ದಿನ ಪದ್ಯ ಮುಗಿಯುವವರೆಗೆ ನಾನು ಬಾಗಿಲಲ್ಲಿ ನಿಂತೆ. ದೇವರನ್ನು ನಂಬದ ನನಗೆ ಆಗ ಮೈ ಜುಮ್ಮೆಂದಿತು. ಮನೆಗೆ ಬೆಂಕಿ ಬಿದ್ದು ಎಲ್ಲ ಹೋಗಿ ಒಂದೇ ಪಾತ್ರೆ ಉಳಿದರೆ ಅದರಲ್ಲೇ ಅಡುಗೆ, ಅದರಲ್ಲೇ ಸ್ನಾನ, ಅದರಲ್ಲೇ ದೇವರಿಗೆ ನೀರು, ಹಾಗಿತ್ತು ಅದು. ಆದರೆ ಉಳಿದದ್ದು ಆ ಪಾತ್ರೆಯೇ ಏಕೆ? ಅಷ್ಟು ವರ್ಷ ಮನೆಯ ಹೊರಗಿಟ್ಟ ಪದ, ಬೆಂಕಿಯಲ್ಲಿ ಸುಡದೆ ಉಳಿದದ್ದು ಹೇಗೆ?

ಇವೆಲ್ಲ ಪುಡಿ ಕೆಲಸಗಳು. ಇವಲ್ಲದೆ ತಾತನಿಗೆ ಒಂದು ದೊಡ್ಡ ಬೇಡಿಕೆ ಇದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ದಿನಕ್ಕೆ ಎಷ್ಟೋ ಸಲ ಬಾಗಿಲ ಕಡೆ ನೋಡಿ, ಮೆತ್ತಗೆ, ಕರೆಯುವ ದನಿಯಲ್ಲಿ ಕುಂಟೆ ಎನ್ನುತ್ತಿದ್ದ. ಎಡಗೈಯಿಂದ ಮಂಚದ ಪಟ್ಟಿಯನ್ನು ತಟ್ಟುತ್ತಿದ್ದ. ನಾವು ಏನು ಮಾಡಿದರೂ ಅದಕ್ಕೆ ಸಮಾಧಾನವಾಗುತ್ತಿರಲಿಲ್ಲ, ಗಂಜಿಯನ್ನು ಎರಡು ಗುಟುಕಿನ ಮೇಲೆ ಮುಟ್ಟುತ್ತಿರಲಿಲ್ಲ. ಮೈ ಇಳಿಯುತ್ತ ಬಂತು.

ಚಿಕ್ಕಪ್ಪ ಮೊದಲು ಕುಂಟೆಯನ್ನೇ ಹೊತ್ತು ತಂದ. "ಇದೇನಪ್ಪಾ? ಇದಾ?" ತಾತನ ಮುಖ ಅರಳಿತು. ಎಡಗೈ ಚಾಚಿ ದಿಂಡನ್ನು ಸವರಿ, ಅದನ್ನು ತಟ್ಟಿ, ಬಾಗಿಲ ಕಡೆ ನೋಡಿದ.

"ದಿಂಡು ತಟ್ಟಿ ತೋರಿಸ್ತಾನೆ ಕಣೋ," ಎಂದ ಚಿಕ್ಕಪ್ಪ ನನಗೆ. "ದಿಂಡಲ್ಲಿ ಏನೋ ಐಬಿದೆ. ಬಿತ್ತನೆ ಹತ್ರ ಬಂತು, ಸರಿಮಾಡ್ಸು ಅಂತಿದಾನೆ."

ಆಚಾರಿಯನ್ನು ಕರೆಸಿ, ಹಳೆಯ ದಿಂಡು ತೆಗೆಸಿ, ಜಾಲಿ ಮರದ ಹೊಸ ದಿಂಡು ಹಾಕಿಸಿ ಮಂಚದ ಪಕ್ಕ ತಂದಿಟ್ಟರು. ತಾತ ಅದನ್ನು ನೋಡಿದ. ನಮ್ಮೆಲ್ಲರನ್ನೂ ನೋಡಿದ. ಗೋಡೆಯ ಕಡೆ ಮುಖ ತಿರುಗಿಸಿ ಒಂದು ಹೊತ್ತು ಪೂರ್ತಿ ಯಾರ ಜೊತೆಗೂ ಕುಂಟೆ ಎನ್ನಲಿಲ್ಲ. ಹಳೆಯ ದಿಂಡು ಸೌದೆಯ ಒಟ್ಟಿಲಿಗೆ ಹೋಯಿತು.

ಆಮೇಲೆ ಪಿಳ್ಳಪ್ಪ ಬಂದ. ತಾತನ ವಾರಗೆಯವನು, ಪಕ್ಕದ ಹೊಲದವನು, ಯಾವ ಮಾತಿಗೂ ಒಂದು ಕೊಕ್ಕೆ ಹಾಕದೆ ಬಿಡದ ಬಾಯಿ. ಅವನು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಏಮಿರಾ, ಏಂ ಕಾವಾಲ ನೀಕು?" ಎಂದು ಕೇಳಿದ. ಏನು ಬೇಕೋ ನಿನಗೆ ಎಂದು. ತಾತ ಎಂದಿನಂತೆ ಅಂದ.

"ಲೇ, ನಿಮಗೆ ಕಿವಿ ಇಲ್ವೇನ್ರೋ?" ಎಂದ ಪಿಳ್ಳಪ್ಪ. "ಕುಂಟೆ ಅಲ್ಲ, ಗುಂಟೆ ಅಂತಿದಾನೆ. ಬಾಯಿ ಸೊಟ್ಟಗಾಗಿ ಹಂಗೆ ಬರ್ತದೆ. ಯಾರಿಗೆ ಎಷ್ಟು ಗುಂಟೆ ಅಂತ ಹೇಳಿ ಹೋಗೋಣ ಅಂತ ಅವನ ಜೀವ ಒದ್ದಾಡ್ತಿದೆ."

ಚಿಕ್ಕಪ್ಪನ ಮುಖ ಬಿಳುಪೇರಿತು. ಕೋಲಾರಕ್ಕೆ ಹೇಳಿಕಳಿಸಿದ. ಭಾನುವಾರ ಅಪ್ಪ ಬಂದು, ಅಣ್ಣತಮ್ಮ ಇಬ್ಬರೂ ಮಂಚದ ಆ ಕಡೆ ಈ ಕಡೆ ಕೂತು, ಕೆರೆ ಹಿಂದಿನ ಹೊಲ ಯಾರಿಗೆ, ಹುಣಸೆ ಮರದ ಹೊಲ ಯಾರಿಗೆ ಎಂದು ಒಂದೊಂದೇ ಕೇಳಿದರು. ತಾತ ಮೊದಲು ನಕ್ಕ. ಆಮೇಲೆ ಎಡಗೈಯಲ್ಲಿ ಸಿಕ್ಕಿದ ನೀರಿನ ಚೊಂಬನ್ನು ಬೀಸಿ ಒಗೆದ. ಭೂಮಿಯ ಮಾತು ಅಲ್ಲಿಗೆ ನಿಂತಿತು.

ಸಣ್ಣ ಕೆರೆಯ ಕುಂಟೆಯೇ ಇರಬಹುದೆಂದು ತಾತನನ್ನು ಮಂಚದ ಸಮೇತ ಕಟ್ಟೆಗೂ ಹೊತ್ತುಕೊಂಡು ಹೋದೆವು. ನೀರಿಲ್ಲದೆ ಬಿರುಕು ಬಿಟ್ಟಿದ್ದ ಕುಂಟೆಯ ಅಂಚಿನಲ್ಲಿ ಮಂಚ ಇಳಿಸಿದರೆ, ತಾತ ಆಕಾಶ ನೋಡಿಕೊಂಡು ನಿದ್ದೆ ಹೋದ.

ಈ ಎಲ್ಲ ಗಲಾಟೆಯಲ್ಲಿ ಒಳಗೊಳಗೇ ಇನ್ನೊಂದು ನಡೆಯುತ್ತಿತ್ತು. ಊರಿನ ಹೆಂಗಸರು ಬಾವಿಯ ಹತ್ತಿರ ಅರ್ಥ ಹಚ್ಚಿ ಆಗಿತ್ತು. ಮದುವೆಯಾಗದ ಮಗಳು ಎದೆಯ ಮೇಲಿನ ಭಾರ, ಕುಂಟಿಯನ್ನು ಯಾರ ಕೈಗೆ ಒಪ್ಪಿಸಲಿ ಎಂದು ಮುದುಕ ಹಲುಬುತ್ತಿದ್ದಾನೆ ಎಂದು. ಅದನ್ನು ಯಾರೋ ಮರುಕದಿಂದಲೇ ಅತ್ತೆಯ ಕಿವಿಗೆ ಹಾಕಿದ್ದರು. ಅವಳು ಅಳಲಿಲ್ಲ. ಶಿವಾರಪಟ್ಟಣದಲ್ಲಿದ್ದ ತನ್ನ ಸೋದರಮಾವನ ಮನೆಗೆ ಹೇಳಿಕಳಿಸಿದಳು: ಅಡುಗೆಗೆ ಒಂದು ಕೈ ಬೇಕು ಅಂತಿದ್ರಿ, ಬರ್ತೀನಿ, ಗಾಡಿ ಕಳಿಸಿ ಎಂದು. ಹೋದರೆ ಅವಳು ಅಲ್ಲಿ ಏನಾಗಿರುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ಬೈದ, ಚಿಕ್ಕಮ್ಮ ಅತ್ತಳು. ಅತ್ತೆ ಕೇಳಲಿಲ್ಲ.

ರೋಹಿಣಿ ಮಳೆ ಚೆನ್ನಾಗಿ ಬಿದ್ದಿತ್ತು. ಹೊಲ ಹದಕ್ಕೆ ಬಂದಿತ್ತು. ಮಾರನೆಯ ದಿನ ಗಾಡಿ ಬರಬೇಕು ಎನ್ನುವಾಗ ಅತ್ತೆ ಹಿತ್ತಿಲ ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಬೀಜ ಕೇರುತ್ತಿದ್ದಳು. ಪಕ್ಕದಲ್ಲಿ ಅವಳ ಸೀರೆಗಳ ಗಂಟು. ನಾನು ಹೋಗಿ ಎದುರಿಗೆ ಕೂತು ನನಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ಬಿಚ್ಚಿದೆ.

"ಅತ್ತೆ, ಅದು ಮಾತಲ್ಲ. ರೋಗ. ತಾತನ ತಲೆ ಒಳಗೆ ಮಾತಿನ ಜಾಗ ಕೆಟ್ಟಿದೆ. ಅದು ಬರೀ ಸದ್ದು."

"ಸದ್ದಾದ್ರೆ ಬೇರೆ ಸದ್ದು ಬರಬಾರದಿತ್ತೇನೋ?" ಮೊರದಿಂದ ತಲೆ ಎತ್ತಲಿಲ್ಲ. "ಊರೆಲ್ಲ ಅಂದ್ರು, ಅನ್ನಲಿ ಅಂತ ಬಿಟ್ಟೆ. ಅವನ ಬಾಯಲ್ಲಿ ಮಾತ್ರ ಬರಲ್ಲ ಅಂತ ಒಂದು ಧೈರ್ಯ ಇತ್ತು. ಒಳಗೆ ಅದನ್ನೇ ಇಟ್ಕೊಂಡಿದ್ದ ನೋಡು. ಬೇರೆ ಎಲ್ಲ ಉದುರಿದ ಮೇಲೆ ಅದು ಕಾಣ್ತು."

ನಾನು ಬಿಡಲಿಲ್ಲ. ಅದು ಯಂತ್ರದ ಹಾಗೆ ನಡೆಯುವ ಕ್ರಿಯೆ ಎಂದು ಸಾಧಿಸಬೇಕಿತ್ತು. "ಸರಿಯಾಗಿ ಗಮನಿಸಿದೀನಿ ಅತ್ತೆ. ಮನಸ್ಸಿಟ್ಟು ಹೇಳೋದಲ್ಲ ಅದು. ಪ್ರತಿ ಸಲ ಒಂದೇ ತರ. ಕುಂಟೆ ಅಂತಾನೆ, ಎಡಗೈಲಿ ಮಂಚದ ಪಟ್ಟಿ ಮೇಲೆ ಎರಡು ಸಲ ತಟ್ತಾನೆ, ಬಾಗಿಲು ನೋಡ್ತಾನೆ. ಮತ್ತೆ ಅಂತಾನೆ, ಮತ್ತೆ ಎರಡು ಸಲ ತಟ್ತಾನೆ. ಗಡಿಯಾರ ಹೊಡೆದ ಹಂಗೆ."

ಮೊರ ನಿಂತಿತು.

"ಎಲ್ಲಿ ತಟ್ತಾನೆ?"

"ಮಂಚದ ಪಟ್ಟಿ ಮೇಲೆ. ಗುಂಟಕ ತಂದಿಟ್ಟಾಗ ದಿಂಡಿನ ಮೇಲೂ ತಟ್ಟಿದ."

"ತಟ್ಟಿ ತೋರ್ಸು."

ನಾನು ಜಗಲಿಯ ಕಲ್ಲಿನ ಮೇಲೆ ತಟ್ಟಿ ತೋರಿಸಿದೆ. ಒಂದು ಮೆತ್ತಗೆ, ಇನ್ನೊಂದು ಸ್ವಲ್ಪ ಗಟ್ಟಿ, ಅಂಗೈ ಅಲ್ಲೇ ಉಳಿದು. ಅತ್ತೆ ಮೊರವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು.

ಜ್ವರ ಬಿಟ್ಟ ವರ್ಷ ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ಮನಸ್ಸು ಬಾರದೆ ತಾತ ಹೆಗಲ ಮೇಲೆ ಹೊತ್ತು ಹೊಲಕ್ಕೆ ಒಯ್ಯುತ್ತಿದ್ದ. ಕುಂಟೆಯ ಅಲಗು ಮಣ್ಣಿಗೆ ಇಳಿಯಬೇಕಾದರೆ ದಿಂಡಿನ ಮೇಲೆ ಭಾರ ಬೇಕು, ಎಲ್ಲರೂ ಕಲ್ಲು ಹೇರುತ್ತಾರೆ. ತಾತ ಕಲ್ಲು ಕೆಳಗಿಟ್ಟು, ದಿಂಡನ್ನು ಎರಡು ಸಲ ತಟ್ಟಿ, ಕುಂಟೆ ಎನ್ನುತ್ತಿದ್ದ. ಹತ್ತಿ ಕೂರು ಎಂದು ಅರ್ಥ. ಬೇರೆ ಮಕ್ಕಳು ಓಡುವುದನ್ನು ಕೂತು ನೋಡಬೇಕಾಗಿದ್ದ ಹುಡುಗಿ ಎರಡೆತ್ತಿನ ಹಿಂದೆ ಹೊಲದ ಈ ಬದುವಿನಿಂದ ಆ ಬದುವಿಗೆ, ಆ ಬದುವಿನಿಂದ ಈ ಬದುವಿಗೆ ತೇಲುತ್ತಿದ್ದಳು. "ನೀನಿಲ್ದಿದ್ರೆ ಹೊಲ ಆಗಲ್ಲ ಕಣಮ್ಮಾ ಅಂತಿದ್ದ," ಎಂದಳು ಅತ್ತೆ. "ನಾನು ನಂಬಿದ್ದೆ. ನನ್ನ ಭಾರಕ್ಕೇ ರಾಗಿ ಬೆಳೀತದೆ ಅಂತ." ಒಂದು ದಿನ ಪಕ್ಕದ ಹೊಲದಲ್ಲಿ ಪಿಳ್ಳಪ್ಪ, ಆಗ ಇನ್ನೂ ಪ್ರಾಯದವನು, ಎತ್ತು ನಿಲ್ಲಿಸಿ, "ನೋಡ್ರಪ್ಪೋ, ಕುಂಟೆ ಮೇಲೆ ಕುಂಟಿ" ಎಂದ. ಕೂಲಿಯವರೆಲ್ಲ ನಕ್ಕರು. ಸಂಜೆಯೊಳಗೆ ಊರ ಮಕ್ಕಳ ಬಾಯಲ್ಲಿ ಅದು ಹಾಡಾಯಿತು. ಅವಳು ಮತ್ತೆ ಹತ್ತಲಿಲ್ಲ. ತಾತ ಎಷ್ಟು ತಟ್ಟಿದರೂ ಹತ್ತಲಿಲ್ಲ. ಆ ಪದವನ್ನು ತಾತ ಮನೆಯಿಂದ ಹೊರಹಾಕಿದ್ದು ಅಂದಿನಿಂದ.

ಇದನ್ನು ಹೇಳಿ ಅತ್ತೆ ಎದ್ದಳು. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ನಡುಮನೆಯೊಳಗೆ ಹೋದಳು. ನಾನು ಹಿಂದೆಯೇ ಹೋದೆ. ತಾತ ಅವಳನ್ನು ನೋಡಿದ. ಈ ಸಲ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಂದನೋ ಇಲ್ಲವೋ ಎನ್ನುವಷ್ಟು. ಕೈ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟಿ ಅಲ್ಲೇ ಉಳಿಯಿತು. ಅತ್ತೆ ಆ ಕೈಯ ಪಕ್ಕದಲ್ಲಿ ಕೂತಳು. ತಂದೆ ಮಗಳ ನಡುವೆ ಮಾತು ಯಾವಾಗಲೂ ತೆಲುಗು. "ಕೂಸುಂಟಿ ನಾಯನಾ," ಎಂದಳು. ಕೂತೆ ಅಪ್ಪಾ.

ಮುಂದಿನ ಮಾತಿಗೆ ನಾನು ಸಾಕ್ಷಿಯೇ ಹೊರತು ವಿವರಣೆ ಕೊಡಲಾರೆ. ತಾತ ನಕ್ಕ. ಸೊಟ್ಟಗಾದ ಬಾಯಿಯ ಅರ್ಧದಲ್ಲಿ ನಕ್ಕ. ಆಮೇಲೆ ಅವನ ಕೈ ಮತ್ತೆ ತಟ್ಟಿತು, ಈಗ ಬಾಗಿಲ ಆಚೆಯ ಬೆಳಕಿನ ಕಡೆಗೆ ತೋರಿಸಿತು. ಹೊಲದ ಕಡೆಗೆ.

"ಹೊಲಕ್ಕೆ ಹದ ಬಂದಿದೆಯೇನೋ?" ಎಂದು ಅತ್ತೆ ಬಾಗಿಲಿಗೆ ಬಂದು ನಿಂತಿದ್ದ ಚಿಕ್ಕಪ್ಪನನ್ನು ಕೇಳಿದಳು.

ಚಿಕ್ಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆ ಮೇಲೆ ಕೈ ಇಟ್ಟುಕೊಂಡ. "ಅಕ್ಕಾ, ನಲವತ್ತು ದಾಟಿದೋಳು ನೀನು. ಕುಂ... ಗುಂಟಕದ ಮೇಲೆ ಕೂತ್ಕೊಂಡ್ರೆ ಊರು ಏನಂತದೆ?"

"ಏನಂತದೋ ಅದನ್ನ ಅಂದಾಗಿದೆ. ಇನ್ನೇನು ಹೊಸದು ಅಂತದೆ? ಸೌದೆ ಒಟ್ಟಿಲಿಂದ ಹಳೇ ದಿಂಡು ತೆಗೆದು ಹಾಕ್ಸು. ಹೊಸದು ಚುಚ್ತದೆ. ಅದನ್ನ ಕುಂಟೆ ಅನ್ನೋ, ಗುಂಟಕ ಗುಂಟಕ ಅಂದು ನಾಲಿಗೆ ಸಾಕಾಗಿದೆ."

ಮಾರನೆಯ ಬೆಳಿಗ್ಗೆ ಶಿವಾರಪಟ್ಟಣದಿಂದ ಗಾಡಿ ಬಂತು. ಅದೇ ಗಾಡಿಯಲ್ಲಿ ಹುಲ್ಲು ಹಾಸಿ, ದಿಂಬು ಇಟ್ಟು, ತಾತನನ್ನು ಮಲಗಿಸಿ, ರತ್ನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಣಸೆ ಮರದ ಹೊಲಕ್ಕೆ ಹೋದೆವು. ಮಣ್ಣಿನಿಂದ ಆವಿ ಏಳುತ್ತಿತ್ತು. ಹಿಂದಿನ ದಿನವೇ ಉತ್ತಿದ್ದ ಹೊಲ ಕೆಂಪಗೆ ಎದ್ದು ನಿಂತಿತ್ತು. ಎತ್ತು ಎರಡೂ ಎಳಸು, ಹೊಸ ಭಾರಕ್ಕೆ ಬೆದರಿದರೆ ಕಷ್ಟ ಎಂದು ಚಿಕ್ಕಪ್ಪ ಮುಂದೆ ನಿಂತು ಮೂಗುದಾರ ಹಿಡಿದ. ಆಳು ಬಂದಿರಲಿಲ್ಲ. ಮೇಣಿ ಹಿಡಿಯಲು ನಾನೇ ಉಳಿದದ್ದು.

ಪಕ್ಕದ ಬದುವಿನ ಮೇಲೆ ಪಿಳ್ಳಪ್ಪ ಬಂದು ನಿಂತ. ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ಗಾಡಿಯಲ್ಲಿದ್ದ ತಾತ, ಮೂಗುದಾರ ಹಿಡಿದ ಚಿಕ್ಕಪ್ಪ, ದಿಂಡಿನ ಪಕ್ಕದಲ್ಲಿ ನಿಂತ ಅತ್ತೆ, ಎಲ್ಲರೂ ಅವನ ಬಾಯನ್ನೇ ನೋಡಿದೆವು. ಆ ಬಾಯಿ ಈಗ ಬೊಚ್ಚುಬಾಯಿ. ಅವನು ಕೆಮ್ಮಿದ. ಹೆಗಲ ಮೇಲಿನ ಟವಲು ತೆಗೆದು ಮತ್ತೆ ಹಾಕಿಕೊಂಡ.

"ಹಿಂದಕ್ಕೆ ಕೂತ್ಕೋ ಕಣಮ್ಮಾ," ಎಂದ. "ಮುಂದೆ ಕೂತ್ರೆ ಅಲಗು ನೆಲಕ್ಕೆ ಇಳಿಯಲ್ಲ."

ಗಾಡಿಯಿಂದ ತಾತನ ಕೈ ಗಾಡಿಯ ಪಟ್ಟಿಯನ್ನು ಎರಡು ಸಲ ತಟ್ಟಿತು. ಕುಂಟೆ, ಎಂದ ತಾತ.

ಇಲ್ಲಿಯೇ ನಾನು ನಿಲ್ಲಬೇಕು. ಇದರ ಮುಂದಿನದೇ ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಚಿತ್ರ. ಈಗ ಬರೆಯುತ್ತ ಬಂದಾಗ ಅದರ ಸುಳ್ಳು ನನಗೇ ಕಂಡಿತು. ನನ್ನ ಚಿತ್ರದಲ್ಲಿ ಅತ್ತೆ ಪಕ್ಕದಿಂದ ಕಾಣುತ್ತಾಳೆ, ಅವಳ ಮುಖ ಕಾಣುತ್ತದೆ, ಎತ್ತು ಕಾಣುತ್ತದೆ, ದೂರದಲ್ಲಿ ತಾತನೂ ಕಾಣುತ್ತಾನೆ. ಆದರೆ ನಾನು ಬದುವಿನ ಮೇಲೆ ಇರಲೇ ಇಲ್ಲ. ಮೇಣಿ ಹಿಡಿದು ಹಿಂದೆ ಇದ್ದೆ. ಹಿಂದೆ ಇದ್ದವನಿಗೆ ಮುಖ ಕಾಣುವುದು ಹೇಗೆ? ಆ ಪಟ ನನ್ನ ಕಣ್ಣು ತೆಗೆದದ್ದಲ್ಲ, ಹೇಳಿ ಹೇಳಿ ನನ್ನ ನಾಲಿಗೆ ಬರೆದದ್ದು. ರತ್ನ ಇದ್ದದ್ದು ಗಾಡಿಯ ಹತ್ತಿರ. ನೋಡುವ ಜಾಗದಲ್ಲಿ ಇದ್ದವಳು ಅವಳು. ಕಲ್ಲಿತ್ತು ಎಂದು ಅವಳು ಹೇಳುತ್ತಾಳೆ.

ಅವಳನ್ನು ಬೆಳಿಗ್ಗೆ ಮತ್ತೆ ಕೇಳಿದೆ. "ಮೇಣಿ ಹಿಡಿದಿದ್ದು ನಾನು ತಾನೇ?"

"ಅದರಲ್ಲಿ ಅನುಮಾನ ಇಲ್ಲ ಕಣಣ್ಣ. ಕುಡಿದೋನ ಹಂಗೆ ಓಲಾಡ್ತಾ ಹೋಗ್ತಿದ್ದೆ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನಗು ಬರ್ತದೆ."

ಸರಿ. ಕಣ್ಣಿನ ಸಾಕ್ಷಿ ಬಿದ್ದುಹೋಯಿತು. ಈಗ ಉಳಿದಿರುವುದು ಕೈ. ಅದನ್ನು ನಾನು ಯಾರಿಗೂ ಹೇಳಿಲ್ಲ, ಆದ್ದರಿಂದ ಅದು ಸವೆದಿಲ್ಲ.

ಎತ್ತು ಹೊರಟಿತು. ಅಲಗು ಮಣ್ಣಿನೊಳಗೆ ಇಳಿದಾಗ ಮೇಣಿ ನನ್ನ ಅಂಗೈಯನ್ನು ಒತ್ತಿ ಮೇಲಕ್ಕೆ ತಳ್ಳಿತು. ಕೆಳಗೆ ಬೇರುಗಳು ಪಟಪಟನೆ ಕಡಿಯುತ್ತಿದ್ದದ್ದು ಕೈಗೆ ತಿಳಿಯುತ್ತಿತ್ತು. ಹೊಲದ ನಡುವೆ ಬರುವಾಗ ಮೇಣಿಯಲ್ಲಿ ಇನ್ನೊಂದು ಅಲುಗಾಟ ಶುರುವಾಯಿತು. ಬೇರಿನದಲ್ಲ, ಹೆಂಟೆಯದಲ್ಲ. ಸಣ್ಣಗೆ, ತಡೆದು ತಡೆದು, ಆಮೇಲೆ ತಡೆಯಲಾಗದೆ, ದಿಂಡಿನಿಂದ ಮೇಣಿಗೆ, ಮೇಣಿಯಿಂದ ನನ್ನ ಮೊಣಕೈಯವರೆಗೆ ಬರುತ್ತಿದ್ದ ನಡುಕ. ಅಳುತ್ತಿದ್ದಾಳೆಂದು ಹೆದರಿ, "ನಿಲ್ಲಿಸ್ಲಾ ಅತ್ತೆ?" ಎಂದು ಕೂಗಿದೆ. "ನಿಲ್ಲಿಸಬೇಡ್ವೋ," ಎಂಬ ಉತ್ತರ ಬಂದಿತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಕಿವಿಯನ್ನೂ ನಾನು ನಂಬುವುದಿಲ್ಲ. ಆದರೆ ಅಳುವಿನ ನಡುಕ ಒಳಕ್ಕೆ ಎಳೆಯುತ್ತದೆ. ಇದು ಬಿಟ್ಟು ಬಿಟ್ಟು ಮೇಲಕ್ಕೆ ಚಿಮ್ಮುತ್ತಿತ್ತು. ಬದುವಿನಿಂದ ಬದುವಿಗೆ ಹೋಗಿ ತಿರುಗುವವರೆಗೂ ಅದು ನಿಲ್ಲಲಿಲ್ಲ. ಅದಕ್ಕೇ ನಾನು ಓಲಾಡಿದ್ದು.

ತಾತ ಆ ವರ್ಷದ ರಾಗಿ ಕೊಯ್ಲು ನೋಡಿ, ಹೊಸ ರಾಗಿಯ ಮುದ್ದೆ ಉಂಡು, ಹೋದ. ಕೊನೆಯವರೆಗೂ ಅವನ ಮಾತು ಒಂದೇ. ಮನೆಯಲ್ಲಿ ಅದಕ್ಕೆ ಯಾರೂ ಬೆಚ್ಚುತ್ತಿರಲಿಲ್ಲ. ಅತ್ತೆ ಶಿವಾರಪಟ್ಟಣಕ್ಕೆ ಹೋಗಲಿಲ್ಲ. ಬಹಳ ವರ್ಷ ಬಾಳಿದಳು, ಆ ಮನೆಯಲ್ಲೇ ಕಣ್ಣು ಮುಚ್ಚಿದಳು. ಒಮ್ಮೆಯೂ ಅವಳನ್ನು ಆ ಬೆಳಗಿನ ಬಗ್ಗೆ ನಾನು ಕೇಳಲಿಲ್ಲ, ಸಂಶಯ ಬರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ರತ್ನ ನೋಡಿದ ಕಲ್ಲೂ ನಿಜವಿರಬಹುದು. ಬೇರೆ ಹೊತ್ತಿನಲ್ಲಿ, ಬೇರೆ ಸಾಲಿನಲ್ಲಿ ಹೇರಿರಬಹುದು. ಆದರೆ ಒಂದು ಸಾಲು ನನ್ನ ಕೈಯಲ್ಲಿದೆ. ಈಗಲೂ ನೆನೆದ ಮಣ್ಣಿನ ವಾಸನೆ ಬಂದರೆ ಅಂಗೈ ಸಣ್ಣಗೆ ನಡುಗುತ್ತದೆ. ಕಲ್ಲು ಹಾಗೆ ನಗುವುದಿಲ್ಲ.